ನಂಬರ್ ಪ್ಲೇಟಿನ ಕುಂಕುಮ

ಬಸವನ ಬಾಗೇವಾಡಿ
ಮಂಗಳವಾರ, 2-12-2025

ನನ್ನ ಮಗಳು ಸುರೇಖಾಳಿಗೆ, ನಿನ್ನ ಅವ್ವ ಇಲ್ಲಿಂದಲೇ ನಿನ್ನ ತಲೆ ಸವರಿ ಬರೆಯುವುದು.

ನಾವಿಬ್ಬರೂ ಆರಾಮ ಇದ್ದೇವೆ. ನೀನು, ಅಳಿಯಂದಿರು, ಹೊಟ್ಟೆಯೊಳಗಿನ ಕೂಸು ಎಲ್ಲರೂ ಆರಾಮ ಎಂದು ನಿನ್ನೆ ಫೋನಿನಲ್ಲಿ ಹೇಳಿದೆ, ಆದರೂ ಇನ್ನೊಮ್ಮೆ ಕೇಳುತ್ತಿದ್ದೇನೆ. ಕೇಳಿದರೆ ನನಗೊಂದು ಸಮಾಧಾನ.

ಮೊನ್ನೆ ಊಟ ಮಾಡಿ ಅಡ್ಡಾದಾಗ ನನಗೊಂದು ಕೆಟ್ಟ ಕನಸು ಬಿತ್ತು. ನಮ್ಮ ಬಾಗೇವಾಡಿಯ ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳು ಬಿಳೀ ಮುದುಕಿ ನಿಂತಿದ್ದಳು. ಮೊಣಕಾಲ ತನಕ ಕೋಟು, ತಲೆಗೆ ಕಟ್ಟಿದ ಅರಿವೆ, ಕೈಯಲ್ಲಿ ಒಂದು ಚೀಟಿ. ಮುದ್ದೇಬಿಹಾಳದ ಬಸ್ಸು ಹತ್ತುವವರನ್ನು, ಇಂಡಿ ಬಸ್ಸಿನಿಂದ ಇಳಿಯುವವರನ್ನು ತಡೆದು ತಡೆದು ಚೀಟಿ ತೋರಿಸುತ್ತಿದ್ದಳು. ಅವಳ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ನನಗೊಬ್ಬಳಿಗೇ ತಿಳಿಯುತ್ತಿತ್ತು. ಆದರೆ ನಾನು ಶೇಂಗಾ ಮಾರುವವನ ಗಾಡಿಯ ಹಿಂದೆ ಸೆರಗಿನಿಂದ ಮುಖ ಮುಚ್ಚಿಕೊಂಡು ಕುಳಿತಿದ್ದೆ. ಎಚ್ಚರಾದಾಗ ಕುಪ್ಪಸವೆಲ್ಲ ತೊಯ್ದಿತ್ತು, ಈ ಚಳಿಗಾಲದಲ್ಲಿ. ಬೆಳಗಿನ ಜಾವದ ಕನಸು ನಿಜವಾಗುತ್ತದೆ, ಮಧ್ಯಾಹ್ನದ್ದು ಆಗುವುದಿಲ್ಲ ಎಂದು ಮೋರಟಗಿಯಲ್ಲಿ ನನ್ನ ಅವ್ವ ಹೇಳುತ್ತಿದ್ದಳು. ಅದನ್ನೇ ನೆನೆದು ಎದ್ದು ಚಹಾ ಮಾಡಿಕೊಂಡೆ.

ಆ ಮುದುಕಿ ಯಾರೆಂದು ನನಗೆ ಗೊತ್ತು. ನಿನಗೂ ಗೊತ್ತು ಎಂದು ನನ್ನ ಅನುಮಾನ. ನಮ್ಮ ಟೋಲಿನ ದಂಡ ಯಾರ ಮನೆಗೆ ಹೋಗಿ ಬಿದ್ದಿತ್ತೋ, ಅವಳೇ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನ್ ಬಂದರೆ ನಿಮ್ಮಪ್ಪ ಕಸಿದುಕೊಳ್ಳುತ್ತಾರೆ, ನನ್ನ ಪಾಳಿ ಬರುವುದರೊಳಗೆ ನಿನಗೆ ಡ್ಯೂಟಿಯ ಹೊತ್ತಾಗಿರುತ್ತದೆ. ಇಂಡಿಯ ಕೋಮಲ, ನಿನ್ನ ದವಾಖಾನೆಯಲ್ಲೇ ನರ್ಸ್ ಇರುವವಳು, ರಜೆ ಮುಗಿಸಿ ಶುಕ್ರವಾರ ಹೊರಡುತ್ತಾಳಂತೆ. ನಿನಗಾಗಿ ಕಟ್ಟಿದ ಗಂಟು ಅವಳ ಕೈಯಲ್ಲಿ ಕೊಡುತ್ತೇನೆ, ಅದರಲ್ಲಿ ಈ ಕಾಗದವನ್ನೂ ಇಡುತ್ತೇನೆ. ಆರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು.

ಬೇಸಿಗೆಯಲ್ಲಿ ನಾವು ಅಲ್ಲಿಗೆ ಬಂದಾಗ ನೀನು ನಮಗಾಗಿ ಬಾಡಿಗೆ ಕಾರು ತಂದಿದ್ದೆ. ನಿಮ್ಮಪ್ಪ ವಿಜಯಪುರದ ಆರ್‌ಟಿಓದಲ್ಲಿ ಮಾಡಿಸಿಕೊಂಡ ಪರದೇಶದ ಲೈಸೆನ್ಸನ್ನು ವಿಮಾನದಲ್ಲಿಯೂ ಎದೆಯ ಕಿಸೆಯಲ್ಲೇ ಇಟ್ಟುಕೊಂಡು ಬಂದಿದ್ದರು. ಗಾಡಿ ಬಂದ ದಿನ ನಾನು ಪೂಜೆಯ ತಟ್ಟೆ ಹಿಡಿದು ಹೊರಗೆ ಬಂದಾಗ ನೀನು ಕಿಡಕಿಯಿಂದಲೇ ಹೇಳಿದೆ: “ಯವ್ವಾ, ಬಾಡಿಗಿ ಗಾಡಿ ಅದು. ಬಣ್ಣಕ್ಕ ಏನೂ ಹಚ್ಚಬ್ಯಾಡ, ಕಲಿ ಬಿದ್ರ ದಂಡ ಹಾಕ್ತಾರ.” ಹೇಳಿ ಮಲಗಲು ಹೋದೆ, ರಾತ್ರಿಪಾಳಿ ಮುಗಿಸಿ ಬಂದಿದ್ದೆ.

ನಾನು ನಿನ್ನ ಮಾತು ಮೀರಲಿಲ್ಲ. ಬಣ್ಣದ ಮೇಲೆ ಒಂದು ಚುಕ್ಕೆಯನ್ನೂ ಇಡಲಿಲ್ಲ. ಆದರೆ ಪೂಜೆಯಿಲ್ಲದ ಗಾಡಿಯಲ್ಲಿ ಗಂಡನನ್ನು ಕೂಡಿಸಿ ಪರದೇಶದ ರಸ್ತೆಗೆ ಹೇಗೆ ಬಿಡಲಿ ಹೇಳು? ಅವರು ಡ್ರೈವರ್ ಸರ್ವಿಸಿನಲ್ಲಿ ಇದ್ದಷ್ಟು ವರ್ಷ ಪ್ರತಿ ಖಂಡೇನವಮಿಗೆ ಡಿಪೋಕ್ಕೆ ಹೋಗಿ ಅವರ ಬಸ್ಸಿಗೆ ನಾನೇ ವಿಭೂತಿ ಎಳೆದು ಕುಂಕುಮ ಇಟ್ಟವಳು. ಆ ಬಸ್ಸು ಒಂದು ಕೋಳಿಯನ್ನೂ ತುಳಿಯಲಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಹಾಕಿ ನೋಡಿದೆ, ಎಲ್ಲ ಕಡೆ ಬಣ್ಣವೇ. ಬಣ್ಣವಿಲ್ಲದ್ದು ಗಾಜು, ಟೈರು, ನಂಬರ್ ಪ್ಲೇಟು. ಗಾಜಿಗೆ ಹಚ್ಚಿದರೆ ಓಡಿಸುವವರಿಗೆ ಅಡ್ಡ. ಟೈರು ಹೊಲಸು ತುಳಿಯುವಂಥದ್ದು. ಪ್ಲೇಟಿಗೇ ಮೂರು ಬೆರಳಿನಿಂದ ವಿಭೂತಿ ಎಳೆದು, ನಟ್ಟನಡುವೆ ಕುಂಕುಮ ಒತ್ತಿದೆ. ನಿಮ್ಮೂರಿನ ಮಳೆಗೆ ತೊಳೆದು ಹೋಗಬಾರದೆಂದು ಎಣ್ಣೆಯಲ್ಲಿ ಕಲಸಿದ್ದೆ. ಮಾಸಿದಂತೆ ಕಂಡಾಗಲೆಲ್ಲ ಮತ್ತೆ ಒತ್ತುತ್ತಿದ್ದೆ. ಬುದ್ಧಿವಂತಿಕೆ ಮಾಡಿದೆ ಎಂದೇ ತಿಳಿದಿದ್ದೆ.

ಮೊದಲ ಸಲ ಆ ದೊಡ್ಡ ರಸ್ತೆಗೆ ಹೋದದ್ದು ನೆನಪಿದೆಯೇ? ನಿಮ್ಮಪ್ಪ ಮುಂದೆ ಬಾಗಿ ಬಾಗಿ ನೋಡುತ್ತಿದ್ದರು.

“ಟೋಲ್ ಅಂತೀದಿ, ಗೇಟ ಎಲ್ಲೈತಿ? ಕೈ ಚಾಚಾಂವ ಎಲ್ಲಿದಾನ?”

“ಅಪ್ಪಾ, ಮ್ಯಾಲ ಕ್ಯಾಮೆರಾ ಅದಾವ. ನಂಬರ ಓದಿ ತಾವ ಬಾಡಿಗಿ ಕಂಪನಿ ಲೆಕ್ಕಕ್ಕ ಹಚ್ಚತಾವ. ನೀ ಸುಮ್ಮ ಹೋಗು” ಎಂದು ನೀನು ಹಿಂದಿನ ಸೀಟಿನಿಂದ ನಕ್ಕೆ.

“ಇದು ಛಲೋ ಐತಿ ಬಿಡವಾ. ನಮ್ಮ ಕಡೆ ಆಧಾರ ಕಾರ್ಡ ಹಿಡದು ‘ನಾ ಲೋಕಲ್ ಅದೇನಿ, ನಾ ಲೋಕಲ್ ಅದೇನಿ’ ಅಂತ ಒದರೂದರಾಗ ಅರ್ಧಾ ತಾಸ ಹೋಗತೈತಿ” ಎಂದರು. ನಾವೆಲ್ಲ ನಗುನಗುತ್ತ ಆ ಕ್ಯಾಮೆರಾಗಳ ಕೆಳಗೆ ಹಾದುಹೋದೆವು. ಸಮುದ್ರಕ್ಕೆ ಹೋದಾಗ ಹಾದೆವು, ಬರುವಾಗ ಹಾದೆವು, ವಿಮಾನ ನಿಲ್ದಾಣಕ್ಕೆ ಹೋಗುವಾಗ ಹಾದೆವು. ನಮಗೇನು ಗೊತ್ತು.

ನಾವು ಊರಿಗೆ ಬಂದು, ಮಳೆಗಾಲ ಕಳೆದು, ಈ ಸಲದ ಖಂಡೇನವಮಿ ಮುಗಿದ ಮೇಲೆ ನಿನ್ನ ಫೋನ್ ಬಂತು. ಟೋಲ್ ತುಂಬಿಲ್ಲ, ದಂಡದ ಮೇಲೆ ದಂಡ ಕೂತಿದೆ ಎಂದೆ. ಕ್ಯಾಮೆರಾ ನಂಬರನ್ನು ತಪ್ಪಾಗಿ ಓದಿ ಚೀಟಿಗಳೆಲ್ಲ ದೇಶದ ಆ ತುದಿಯಲ್ಲಿರುವ ಒಬ್ಬಳು ಮುದುಕಿಯ ಮನೆಗೆ ಹೋಗಿದ್ದವಂತೆ. ಅವಳ ಗಾಡಿ ಭಾನುವಾರ ಚರ್ಚಿಗೆ ಹೋಗಿ ಬರುವುದು ಬಿಟ್ಟರೆ ಮನೆ ಬಿಟ್ಟು ಕದಲುವುದಿಲ್ಲವಂತೆ. ತಾನು ಆ ರಸ್ತೆ ನೋಡಿಯೇ ಇಲ್ಲ ಎಂದು ಅವಳು ಮೇಲಿಂದ ಮೇಲೆ ಬರೆದುಕೊಂಡ ಮೇಲೆ ಆಫೀಸಿನವರು ಫೋಟೋ ದೊಡ್ಡದು ಮಾಡಿ ನೋಡಿದರಂತೆ, ಆಗ ನಮ್ಮ ಬಾಡಿಗೆ ಗಾಡಿ ಸಿಕ್ಕಿತಂತೆ. ಬಾಡಿಗೆ ಕಂಪನಿಯ ಹುಡುಗಿ ಇಷ್ಟನ್ನೆಲ್ಲ ನಿನಗೆ ಹೇಳಿದಳು, ನೀನು ನಮಗೆ ಹೇಳಿದೆ. “ದಂಡ ನಾ ತುಂಬೇನಿ, ಮುಗದೈತಿ, ಚಿಂತಿ ಮಾಡಬ್ಯಾಡ್ರಿ” ಎಂದೆ. ಯಾರಿಗೆ ಹೇಳಿದೆ ಮಗಳೇ ಚಿಂತೆ ಮಾಡಬೇಡ ಎಂದು!

ನಿಮ್ಮಪ್ಪ ಹಟ ಮಾಡಿ ಆ ಫೋಟೋ ತರಿಸಿಕೊಂಡರು. ಅವರು ನೋಡಿದ್ದು ತಮ್ಮ ಮುಖ. “ಸ್ಟೇರಿಂಗ್ ಮ್ಯಾಲ ಎರಡೂ ಕೈ ಅದಾವ ನೋಡು” ಎಂದರು. ನಾನು ನೋಡಿದ್ದು ಅದರ ಕೆಳಗೆ. ಪ್ಲೇಟಿನ ನಡುವಿನ ಅಂಕಿ ಮೂರು. ಅದರ ತೆರೆದ ಬಾಯಿಯ ಮೇಲೆ ನನ್ನ ಹೆಬ್ಬೆರಳು ಒತ್ತಿದ ಕುಂಕುಮ. ಮೂರಕ್ಕೆ ಬಾಯಿ ಮುಚ್ಚಿದರೆ ಎಂಟು. ನಾನು ಫೋನು ಬೋರಲು ಹಾಕಿ ಒಳಗೆ ಹೋಗಿ ರೊಟ್ಟಿ ಬಡಿಯಲು ಕುಳಿತೆ. ಅವತ್ತಿನ ರೊಟ್ಟಿ ಒಂದೂ ಉಬ್ಬಲಿಲ್ಲ.

ನೀನು ನರ್ಸ್ ಇದ್ದೀ, ನಿನ್ನ ಕಣ್ಣು ಚುರುಕು. ಆ ಕುಂಕುಮ ನಿನಗೆ ಕಂಡಿರಲೇಬೇಕು. ಆದರೂ ಕ್ಯಾಮೆರಾ ತಪ್ಪಾಗಿ ಓದಿದೆ ಎಂದೆಯೇ ಹೊರತು ಯಾಕೆ ಎಂದು ಬಾಯಿ ಬಿಡಲಿಲ್ಲ. ಅವ್ವನಿಗೆ ನೋವಾಗದಿರಲಿ ಎಂದು ನೀನು ಸುಮ್ಮನಾದೆ, ನಿಮ್ಮಪ್ಪ ಬೈದಾರು ಎಂದು ನಾನು ಸುಮ್ಮನಾದೆ. ನಡುವೆ ಸೊರಗಿದವರು ಅವರು.

ಅವರು ಏನು ತಿಳಿದರು ಗೊತ್ತೇ? ತಪ್ಪು ತಮ್ಮದೇ ಎಂದು. “ನಾನ ಎಲ್ಲೋ ಲೈನ್ ತಪ್ಪಿರಬೇಕು. ಕ್ಯಾಮೆರಾಕ್ಕ ಗಾಡಿ ಸರಳ ಸಿಕ್ಕಿರಲಿಕ್ಕಿಲ್ಲ. ವಯಸ್ಸಾತು” ಎಂದು ಉಣ್ಣುವಾಗ ಅನ್ನುವವರು, ಹಲ್ಲು ತಿಕ್ಕುವಾಗ ಅನ್ನುವವರು. ಅವರ ಜೋಡಿ ಕಂಡಕ್ಟರ್ ಇದ್ದ ಶಹಾಬುದ್ದೀನ ಕಾಕಾ ಚಹಾದಂಗಡಿಯಲ್ಲಿ ಚೇಷ್ಟೆ ಮಾಡಿದನಂತೆ: “ಏನ್ರಿ ಡ್ರೈವರ್ ಸಾಹೇಬ್ರ, ಇಷ್ಟ ವರ್ಷ ನನ್ನ ಸೀಟಿ ಕೇಳಿ ಗಾಡಿ ಹೊಡದ್ರಿ, ಒಂದ ಕೇಸ ಆಗಲಿಲ್ಲ. ನನ್ನ ಬಿಟ್ಟ ಹೋದ್ರಿ, ನೋಡ್ರಿ, ಫಾರಿನ್ ಕೇಸ್ ಮಾಡ್ಕೊಂಡ ಬಂದ್ರಿ!” ಅವನು ನಗಿಸಲು ಅಂದದ್ದು. ಇವರು ಮರುದಿನದಿಂದ ಚಹಾದಂಗಡಿಗೇ ಹೋಗುವುದು ಬಿಟ್ಟರು. ಮನೆಯಲ್ಲಿ ಕುಳಿತು ನನ್ನ ಚಹಾ ಕುಡಿದು, ಸಕ್ಕರೆ ಕಡಿಮೆ ಎನ್ನುತ್ತಿದ್ದರು.

ನಾನು ಕಣ್ಣಾರೆ ನೋಡುತ್ತ ಬಾಯಿ ಮುಚ್ಚಿಕೊಂಡೇ ಇದ್ದೆ. ಬೈಗುಳಕ್ಕೆ ಅಂಜಿದ್ದು ಸ್ವಲ್ಪ. ಅದಕ್ಕಿಂತ ದೊಡ್ಡ ಅಂಜಿಕೆ ಬೇರೆ ಇತ್ತು. ಚೊಚ್ಚಲು ಬಾಣಂತನ ತವರಿನಲ್ಲಿ ಆಗಬೇಕು. ನಿನಗೆ ಇಲ್ಲಿಗೆ ಬರಲು ಆಗುವುದಿಲ್ಲ, ಆದ್ದರಿಂದ ತವರೇ ನಿನ್ನಲ್ಲಿಗೆ ಬರಬೇಕು. ಈ ಹೆಂಗಸು ನಂಬರ್ ಪ್ಲೇಟ್ ಮುಚ್ಚುವವಳು, ಇವಳನ್ನು ದೇಶದೊಳಗೆ ಬಿಡಬೇಡಿ ಎಂದು ಅಲ್ಲಿಯ ಸರಕಾರ ಎಲ್ಲಿಯಾದರೂ ಬರೆದಿಟ್ಟುಕೊಂಡಿದ್ದರೆ? ನಿನ್ನ ಕೂಸಿಗೆ ಎರೆಯುವವರು ಯಾರು? ನಿನಗೆ ಅಳವಿ ಪಾಯಸ ಕಾಸುವವರು ಯಾರು? ಅಳಿಯಂದಿರು ಒಳ್ಳೆಯವರು, ಆದರೆ ಹಾಲು ಉಕ್ಕುವುದನ್ನು ನಿಂತು ನೋಡುವ ಜೀವ. ಇದೇ ಯೋಚನೆಯಲ್ಲಿ ನನಗೆ ಹೊಟ್ಟೆ ಉರಿ ಶುರುವಾಗಿ, ಸಿಂದಗಿಯ ಡಾಕ್ಟರ ಕಡೆ ತೋರಿಸಿಕೊಂಡು ಬಂದೆ. ಅದನ್ನೂ ನಿನಗೆ ಹೇಳಿರಲಿಲ್ಲ. ಈಗ ಕಡಿಮೆಯಾಗಿದೆ.

ಹೀಗಿರುವಾಗ ವೀಸಾದ ಅರ್ಜಿ ತುಂಬುವ ದಿನ ಬಂತು. ನೀನು ಹೇಳಿದ್ದೆ, ದಂಡ ತುಂಬಿ ಮುಗಿದಿದೆ, ಅದೇನು ಕೋರ್ಟು ಕಚೇರಿಯ ಮಾತಲ್ಲ, ಕೇಳಿದರೆ ‘ಇಲ್ಲ’ ಎಂದು ಬರೆಸಿರಿ ಎಂದು. ತಹಶೀಲ್ದಾರ ಕಚೇರಿಯ ಎದುರು ಆನ್‌ಲೈನ್ ಅಂಗಡಿ ಇಟ್ಟಿರುವ ಪ್ರೇಮಕುಮಾರನ ಹತ್ತಿರ ಹೋದೆವು. ಅವನು ಇಂಗ್ಲಿಷಿನಲ್ಲಿ ಓದಿಕೊಂಡು ನಮಗೆ ಕನ್ನಡದಲ್ಲಿ ಕೇಳುವುದು, ನಾವು ಹೇಳುವುದು, ಅವನು ಬಡಿಯುವುದು. ಹಿಂದೆ ಬೆಳೆ ವಿಮೆಗೆ ಬಂದವರು, ರೇಶನ್ ಕಾರ್ಡಿಗೆ ಬಂದವರು ಪಾಳಿ ಹಚ್ಚಿದ್ದರು.

“ಯಾವ ದೇಶದಾಗರ ಕಾಯ್ದೆ ಮುರದೀರೇನ್ರಿ, ದಂಡ ಬಿದ್ದೈತೇನ್ರಿ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ‘ಇಲ್ಲ’ ಎನ್ನುವಲ್ಲಿ ಬಾಣದ ಗುರ್ತು ಒಯ್ದ.

“ತಡಿ ತಮ್ಮಾ” ಎಂದೆ. “ಹೌದು ಅಂತ ಬರಿ.”

ನಿಮ್ಮಪ್ಪನ ಮುಖ ಕೆಂಪಾಯಿತು. “ದಂಡ ಬಿದ್ದದ್ದು ನನ್ನ ಡ್ರೈವಿಂಗಿಗೆ. ನಿನ್ನ ಫಾರ್ಮಿಗೆ ಯಾಕ ಹಚ್ಚತಿ? ಮಂದ್ಯಾಗ ನನ್ನ ಮಾನ ಕಳೀತಿಯೇನು?”

“ನಿಮ್ಮ ಡ್ರೈವಿಂಗಿಗೆ ಅಲ್ಲರಿ. ನನ್ನ ಕುಂಕುಮಕ್ಕ.”

ಹೇಳಿದ ಮೇಲೆ ನಿಲ್ಲಿಸಲು ಬರಲಿಲ್ಲ. ನೀನು ಬಣ್ಣಕ್ಕೆ ಹಚ್ಚಬೇಡ ಎಂದದ್ದು, ನಾನು ಪ್ಲೇಟು ಹುಡುಕಿದ್ದು, ಎಣ್ಣೆಯಲ್ಲಿ ಕಲಸಿದ್ದು, ಮೂರು ಹೋಗಿ ಎಂಟಾದದ್ದು, ಎಲ್ಲ ಹೇಳಿದೆ. ಬೆಳೆ ವಿಮೆಯವರು ತಮ್ಮ ಕೆಲಸ ಮರೆತು ಕೇಳುತ್ತ ನಿಂತರು. ನಿಮ್ಮಪ್ಪ ಫೋನು ತೆಗೆದು ಫೋಟೋ ಹುಡುಕಿ, ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು.

ಅವರು ಪ್ರೇಮಕುಮಾರನ ಟೇಬಲ್ಲಿಗೆ ಒಂದು ಏಟು ಹಾಕಿದರು. “ಅಂದ್ರ ನಂದೇನೂ ತಪ್ಪ ಇಲ್ಲ!”

ಬೈಯಲಿಲ್ಲ ಸುರೇಖಾ. ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೊರಗೆ ಓಡಿದರು. ಎಲ್ಲಿಗೆ ಹೋದರೋ ಎಂದು ನಾನು ಗಾಬರಿಯಾಗುವುದರೊಳಗೆ ಶಹಾಬುದ್ದೀನನ ರಟ್ಟೆ ಹಿಡಿದು ಎಳೆದುಕೊಂಡು ಬಂದರು, ಹಿಂದೆ ಚಹಾದ ಕಿಟ್ಲಿ. ಅಂಗಡಿಯಲ್ಲಿದ್ದವರಿಗೆಲ್ಲ ಚಹಾ ಕುಡಿಸಿದರು. “ನೋಡಲೇ ಶಹಾಬು, ಲೈನ್ ಎಷ್ಟ ಸರಳ ಐತಿ. ದಾರ ಹಿಡದು ನೋಡು ಬೇಕಾರ. ಇದು ನಮ್ಮ ಮನಿಯಾಕಿ ಮಾಡಿದ ಕೆಲಸ” ಎಂದು ಹೆಮ್ಮೆಯಿಂದ ಹೇಳಿದರು, ನಾನೇನೋ ಬಹುಮಾನ ಗೆದ್ದವಳ ಹಾಗೆ.

ಶಹಾಬುದ್ದೀನ ಫೋಟೋ ನೋಡಿ ನನಗೆ ಕೈ ಮುಗಿದ. “ವೈನೀ, ಕೂಸಿಗೆ ದೃಷ್ಟಿ ಬೊಟ್ಟ ಇಡೂದ ನೋಡೇನಿ. ಕ್ಯಾಮೆರಾದ ದೃಷ್ಟೀನ ತಗದವರನ್ನ ಇವತ್ತ ನೋಡಿದೆ.”

ಎಲ್ಲರೂ ನಕ್ಕರು. ಪ್ರೇಮಕುಮಾರ ಮಾತ್ರ ನಗಲಿಲ್ಲ. “ಅವ್ವಾರ, ನಗೂದಲ್ಲ ಇದು. ‘ಹೌದು’ ಅಂತ ಬರದ್ರ ವೀಸಾ ತಡೀಬಹುದ್ರಿ. ಇಂಥಾ ಸಣ್ಣದಕ್ಕ ಯಾರೂ ಹೌದು ಅನ್ನೂದಿಲ್ಲ. ಅಲ್ಲಿ ಮಗಳು ದಿನಾ ಎಣಸಾಕತ್ತಾಳ, ವಿಚಾರ ಮಾಡ್ರಿ” ಎಂದ. ನಿಮ್ಮಪ್ಪನ ಚಹಾ ಕೈಯಲ್ಲೇ ನಿಂತಿತು.

ನಾನು ವಿಚಾರ ಮಾಡಿದೆ. ದೊಡ್ಡ ಸತ್ಯವಂತೆ ಎಂದು ತಿಳಿಯಬೇಡ. ಸುಳ್ಳು ಹೇಳಿ ನಿದ್ದೆ ಮಾಡುವ ಗಟ್ಟಿ ಎದೆ ನನಗಿಲ್ಲ, ಅಷ್ಟೇ. ‘ಇಲ್ಲ’ ಎಂದು ಬರೆಸಿದರೆ ಇಲ್ಲಿ ಅಂಜಬೇಕು, ವಿಮಾನದಲ್ಲಿ ಅಂಜಬೇಕು, ಅಲ್ಲಿ ಪಾಸ್‌ಪೋರ್ಟ್ ನೋಡುವವನ ಎದುರು ಅಂಜಬೇಕು, ನಿನ್ನ ಕೂಸಿಗೆ ಎರೆಯುವಾಗ ಬಾಗಿಲು ಬಡಿದರೆ ಅಂಜಬೇಕು. ಇನ್ನೊಂದು ಮಾತೂ ಬಂತು ತಲೆಗೆ. ನನಗೆ ದಂಡ ಬಿದ್ದೇ ಇಲ್ಲ ಎಂದರೆ ಅದು ಮತ್ತೆ ಆ ಮುದುಕಿಯದೇ ಆದಂತೆ. ಅವಳು ಇಷ್ಟು ದಿನ ಹೊತ್ತು, ಬರೆದು ಬರೆದು ಇಳಿಸಿಕೊಂಡದ್ದನ್ನು ನಾನು ತಿರುಗಿ ಅವಳ ತಲೆಯ ಮೇಲೆ ಇಡಲೇ?

“ಹೌದು ಅಂತನ ಬರಿ” ಎಂದೆ. ನಿಮ್ಮಪ್ಪ, “ಇಬ್ಬರದೂ ಹೌದು ಅಂತ ಬರಿ” ಎಂದರು.

ಪ್ರೇಮಕುಮಾರ ಕೆಳಗೆ ವಿವರಣೆ ಬರೆದ. ಪದ್ಧತಿಯಂತೆ ಗಾಡಿಗೆ ಪೂಜೆ ಮಾಡಿದ್ದು, ಮೋಸ ಮಾಡುವ ಮನಸ್ಸು ಇಲ್ಲದ್ದು, ತಿಳಿದ ಕೂಡಲೇ ದಂಡ ತುಂಬಿದ್ದು. ಇನ್ನು ಮುಂದೆ ಕುಂಕುಮವನ್ನು ಮನುಷ್ಯರ ಹಣೆಗೆ ಮಾತ್ರ ಹಚ್ಚುತ್ತೇನೆ ಎಂದು ಒಂದು ಸಾಲು ಸೇರಿಸಲು ನಾನು ಹೇಳಿದೆ. ಬೇಡ ಎಂದ, ನಾನು ಬಿಡಲಿಲ್ಲ. ನಿಮ್ಮಪ್ಪ ತಮ್ಮದರಲ್ಲಿ, ಗಾಡಿ ಓಡಿಸಿದವನ ತಪ್ಪು ಇರಲಿಲ್ಲ ಎಂದು ಬರೆಸಿಕೊಂಡರು. ಅದಕ್ಕೂ ಅವನು ಬೇಡ ಎಂದ.

ನೀನು ಮಾಡು ಎಂದದ್ದನ್ನು ಮಾಡದೆ, ಮಾಡಿದ್ದೇವೆ ಎಂದು ನಿನಗೆ ಸುಳ್ಳು ಹೇಳಿ ನಾನು ದಿನ ಕಳೆದೆ ಮಗಳೇ. ಆ ದಿನಗಳು ನನಗೇ ಗೊತ್ತು. ಕೊರಿಯರ್ ಹುಡುಗನ ಗಾಡಿ ಓಣಿಗೆ ಬಂದರೆ ಎದೆ ಬಡಿಯುತ್ತಿತ್ತು, ಬರದಿದ್ದರೂ ಬಡಿಯುತ್ತಿತ್ತು. ನೀನು ಫೋನಿನಲ್ಲಿ ಕೂಸು ಒದೆಯುತ್ತಿದೆ ಎಂದು ಹೇಳಿದಾಗ ನಾನು ಅತ್ತದ್ದು ಸಂತೋಷಕ್ಕೆ ಎಂದು ನೀನು ತಿಳಿದೆ. ಅರ್ಧ ಮಾತ್ರ ಅದಕ್ಕೆ. ನಿಮ್ಮಪ್ಪ ಮಾತ್ರ ಬೆಳಿಗ್ಗೆ ಎದ್ದರೆ ಚಹಾದಂಗಡಿ, ಸಂಜೆ ಚಹಾದಂಗಡಿ. ನಮ್ಮ ಚಿಂತೆಯನ್ನು ಪಾಲು ಮಾಡಿದರೆ ಯಾವಾಗಲೂ ದೊಡ್ಡ ಪಾಲು ನನಗೇ.

ಕಳೆದ ವಾರ ಲಕೋಟೆ ಬಂತು. ಕತ್ತರಿ ಸಿಗದೆ ಈಳಿಗೆಯಿಂದ ಕೊಯ್ದೆವು. ಪಾಸ್‌ಪೋರ್ಟಿನೊಳಗೆ ಏನೋ ಹಚ್ಚಿತ್ತು, ಅದು ಬಂದದ್ದೋ ಬಾರದ್ದೋ ನಮಗೆ ತಿಳಿಯಲಿಲ್ಲ. ಪ್ರೇಮಕುಮಾರನ ಅಂಗಡಿಗೆ ಓಡಿದೆವು. ಅವನು ನನ್ನದು ನೋಡಿದ, ನಿಮ್ಮಪ್ಪನದು ನೋಡಿದ, ಬಂದವರೆಲ್ಲರ ಎದುರು ಎದ್ದು ನಿಂತ. “ಎರಡೂ ಬಂದಾವ್ರಿ ಅವ್ವಾರ! ಹೌದು ಅಂತ ಬರದೂ ಬಂದಾವ!” ಆ ಗದ್ದಲದಲ್ಲೇ ನಿನಗೆ ಫೋನ್ ಮಾಡಿದ್ದು. ಯಾಕೆ ಇಷ್ಟು ಒದರುತ್ತೀರಿ ಎಂದು ನೀನು ಕೇಳಿದೆಯಲ್ಲ, ಇದಕ್ಕೆ. ಆ ಅರ್ಜಿ ಓದಿದ ಸಾಹೇಬ ಯಾರೋ ಏನೋ, ಅವನ ಮನೆಯಲ್ಲಿಯೂ ನನ್ನಂಥ ಒಬ್ಬಳು ಅವ್ವ ಇರಬೇಕು.

ಈಗ ಮನಸ್ಸು ಹಗುರಾಗಿದೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಹೊರಡುತ್ತೇವೆ. ಗಂಟಿನಲ್ಲಿ ಬಸುರಿಗೆ ಮಾಡುವ ಕುಬಸದ ಹಸಿರು ಸೀರೆ, ಖಣ, ಹಸಿರು ಬಳೆ ಇವೆ, ಬಳೆಯನ್ನು ಅರಿವೆಯಲ್ಲಿ ಸುತ್ತಿದ್ದೇನೆ, ಒಡೆದಿದ್ದರೆ ನನಗೆ ಹೇಳಬೇಡ. ಗುರೆಳ್ಳು ಹಿಂಡಿ ಇದೆ. ಶೇಂಗಾ ಹೋಳಿಗೆ ಎರಡು ಕಟ್ಟು. ದೊಡ್ಡದು ನಿಮಗೆ. ಸಣ್ಣದು ಆ ಮುದುಕಿಗೆ. ಅವಳ ವಿಳಾಸ ಆಫೀಸಿನವರು ಕೊಡಲಿಕ್ಕಿಲ್ಲ, ಅವರ ಕೈಯಿಂದಲೇ ಕಳಿಸಲು ಆಗುತ್ತದೆಯೇ ಕೇಳಿ ನೋಡು. ಹಲ್ಲು ಇವೆಯೋ ಇಲ್ಲವೋ ಎಂದು ತೆಳ್ಳಗೆ, ಮೆತ್ತಗೆ ಮಾಡಿದ್ದೇನೆ. ಯಾರು ಕಳಿಸಿದ್ದು ಎಂದು ಕೇಳಿದರೆ ಎಂಟು ಮಾಡಿದವಳು ಎಂದು ಹೇಳು.

ಭಾರ ಎತ್ತಬೇಡ. ದವಾಖಾನೆಯ ಮೆಟ್ಟಿಲು ಕಂಬಿ ಹಿಡಿದು ಇಳಿ. ಅಳಿಯಂದಿರಿಗೆ ಹಾಲಿನ ಪಾತ್ರೆ ದೊಡ್ಡದು ಇಡಲು ಹೇಳು.

ನಿನ್ನ ದಾರಿಗೆ ಹೊರಟೇ ನಿಂತಿರುವ
ಅವ್ವ,
ಚನ್ನವ್ವ

ತಾ.ಕ.: ಮಡಚುವ ಮೊದಲು ಕಾಗದವನ್ನು ನಿಮ್ಮಪ್ಪನಿಗೆ ಓದಿ ತೋರಿಸಿದೆ. ಸಮುದ್ರಕ್ಕೆ ಹೋದಾಗ, ಬರುವಾಗ, ವಿಮಾನ ನಿಲ್ದಾಣಕ್ಕೆ ಹೋಗುವಾಗ ಎನ್ನುವಲ್ಲಿ ಅವರಿಗೆ ಕೆಮ್ಮು ಬಂತು. ನೀರು ಕೊಟ್ಟೆ, ಕುಡಿಯಲಿಲ್ಲ. “ಅಷ್ಟ ಅಲ್ಲ ಅವು” ಎಂದರು. ನೀನು ರಾತ್ರಿಪಾಳಿ ಮುಗಿಸಿ ಮಲಗಿದಾಗ, ನಾನು ಅಡುಗೆಮನೆಯಲ್ಲಿದ್ದಾಗ, ಒಬ್ಬರೇ ಆ ರಸ್ತೆಗೆ ಹೋಗಿ ಹೋಗಿ ಬಂದಿದ್ದಾರೆ. ಯಾಕೆ ಎಂದರೆ, “ಹಂಪ್ ಇಲ್ಲ, ಎಮ್ಮಿ ಇಲ್ಲ, ಕೈ ಮಾಡಾವ್ರಿಲ್ಲ. ಅಂಥಾ ರೋಡ ನನ್ನ ಸರ್ವಿಸಿನಾಗ ಒಂದ ದಿನಾನೂ ಸಿಕ್ಕಿದ್ದಿಲ್ಲ” ಎನ್ನುತ್ತಾರೆ. ಎಷ್ಟು ಸಲ ಎಂದು ಕೇಳಿದರೆ ಎದ್ದು ಚಹಾದಂಗಡಿಗೆ ಹೋದರು. ಸುರೇಖಾ, ನೀನು ತುಂಬಿದ್ದರಲ್ಲಿ ಇವರು ಒಬ್ಬರೇ ಹೋದದ್ದೂ ಸೇರಿದೆಯೋ, ಇಲ್ಲ ಅದು ಇನ್ನೂ ಆ ಮುದುಕಿಯ ಹೆಸರಿನಲ್ಲೇ ಕುಳಿತಿದೆಯೋ, ಅದೊಂದನ್ನು ಇನ್ನೊಮ್ಮೆ ನೋಡಿ ಹೇಳವ್ವ.